ಸ್ಕೂಬಾ ಡೈವಿಂಗ್ ವೇಳೆ ಕಿರು ಕಡಲಜೀವಿಗಳ ಛಾಯಾಗ್ರಹಣ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಕಡಲತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ದ್ವೀಪದ ಬುಡದ ಬಂಡೆಗಳ ಸುತ್ತ ಹವಳಗಳು ಮತ್ತು ವಿವಿಧ ಜಾತಿಯ ಮೀನುಗಳು ಕಂಡುಬರುವುದರಿಂದ, ಮಳೆಗಾಲವನ್ನು ಹೊರತುಪಡಿಸಿ ಉಳಿದ ತಿಂಗಳುಗಳಲ್ಲಿ ಇಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಮುಳುಗುಗಾರರಲ್ಲಿ ಅನೇಕರು ದೊಡ್ಡ ಮೀನುಗಳನ್ನಷ್ಟೇ ಅಲ್ಲದೆ, ಬೆರಳಿನ ಉಗುರಿಗಿಂತ ಚಿಕ್ಕದಾದ ಜೀವಿಗಳನ್ನೂ ಛಾಯಾಚಿತ್ರದಲ್ಲಿ ಸೆರೆಹಿಡಿಯಲು ಆಸಕ್ತಿ ತೋರುತ್ತಾರೆ. ಇಂತಹ ಛಾಯಾಗ್ರಹಣಕ್ಕೆ ಬೇಕಾದ ಅರ್ಹತೆ, ಉಪಕರಣ, ವಿಧಾನ, ಸುರಕ್ಷತಾ ಕ್ರಮಗಳು ಹಾಗೂ ಕಾನೂನಿನ ನಿಬಂಧನೆಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಕಿರು ಕಡಲಜೀವಿಗಳು

ಈ ವರ್ಗದಲ್ಲಿ ಪ್ರಮುಖವಾದವು ನ್ಯೂಡಿಬ್ರ್ಯಾಂಕ್‌ಗಳು. ಇವು ಚಿಪ್ಪಿಲ್ಲದ ಕಡಲ ಬಸವನಹುಳುಗಳು. ಜಗತ್ತಿನ ಸಮುದ್ರಗಳಲ್ಲಿ ಇವುಗಳ 3000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ತಲೆಯ ಮೇಲಿನ ಎರಡು ಕೊಂಬಿನಂತಹ ಅಂಗಗಳಿಂದ ಇವು ವಾಸನೆಯನ್ನು ಗ್ರಹಿಸುತ್ತವೆ. ಹಲವು ಪ್ರಭೇದಗಳಲ್ಲಿ ಬೆನ್ನಿನ ಹಿಂಭಾಗದಲ್ಲಿ ಹೂವಿನ ಗೊಂಚಲಿನಂತೆ ಕಿವಿರುಗಳಿರುತ್ತವೆ. ಕೆಲವು ಪ್ರಭೇದಗಳು ತಾವು ತಿಂದ ಜೀವಿಗಳ ಕುಟುಕುವ ಕೋಶಗಳನ್ನು ತಮ್ಮ ದೇಹದಲ್ಲಿ ಶೇಖರಿಸಿಟ್ಟುಕೊಂಡು ಆತ್ಮರಕ್ಷಣೆಗೆ ಬಳಸುತ್ತವೆ. ಇವಲ್ಲದೆ ಪುಟ್ಟ ಸೀಗಡಿಗಳು, ಏಡಿಗಳು, ಬಂಡೆಯ ರಂಧ್ರಗಳಲ್ಲಿ ವಾಸಿಸುವ ಬ್ಲೆನ್ನಿ ಮೀನುಗಳು, ಕಡಲಕುದುರೆಗಳು ಮತ್ತು ಕೊಳವೆ ಮೀನುಗಳು ಈ ಛಾಯಾಗ್ರಹಣದ ವಸ್ತುಗಳಾಗಿವೆ.

ಇವುಗಳಲ್ಲಿ ಹೆಚ್ಚಿನವು ತಮ್ಮ ಸುತ್ತಲಿನ ಬಣ್ಣ ಮತ್ತು ಆಕಾರದಲ್ಲಿ ಬೆರೆತುಹೋಗುತ್ತವೆ. ಪಶ್ಚಿಮ ಪೆಸಿಫಿಕ್ ಸಾಗರದ ಕುಬ್ಜ ಕಡಲಕುದುರೆ ಇದಕ್ಕೆ ಉತ್ತಮ ನಿದರ್ಶನ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಸಂಗ್ರಹಿಸಿದ ಬೀಸಣಿಗೆಯಾಕಾರದ ಹವಳವೊಂದನ್ನು ಪರಿಶೀಲಿಸುವಾಗ ಮಾತ್ರ, ಅದಕ್ಕೆ ಅಂಟಿಕೊಂಡಿದ್ದ ಈ ಜೀವಿ ಮೊದಲ ಬಾರಿಗೆ ಗಮನಕ್ಕೆ ಬಂದಿತು. ಇದರ ಉದ್ದ ಎರಡೂವರೆ ಸೆಂಟಿಮೀಟರ್‌ಗಿಂತಲೂ ಕಡಿಮೆ. ಆದುದರಿಂದ ಕಿರು ಜೀವಿಗಳ ಛಾಯಾಗ್ರಹಣದಲ್ಲಿ ಹುಡುಕುವ ತಾಳ್ಮೆಯೇ ಮೊದಲ ಅಗತ್ಯವಾಗಿದೆ.

ಅರ್ಹತೆ

1. ಕ್ಯಾಮೆರಾದೊಂದಿಗೆ ಮುಳುಗುವವರು ಮಾನ್ಯತೆ ಪಡೆದ ತರಬೇತಿ ಸಂಸ್ಥೆಯ ಪ್ರಾಥಮಿಕ ಪ್ರಮಾಣಪತ್ರವನ್ನು ಹೊಂದಿರತಕ್ಕದ್ದು. ಈ ಹಂತದ ಪ್ರಮಾಣಪತ್ರ ಹೊಂದಿದ ವಯಸ್ಕರಿಗೆ ಸಾಮಾನ್ಯವಾಗಿ 18 ಮೀಟರ್ ಆಳದ ಮಿತಿ ಇರುತ್ತದೆ.

2. ಈಜು ಬಾರದವರಿಗೂ ತರಬೇತುದಾರರ ಹಿಡಿತದಲ್ಲಿ ನಡೆಸಲಾಗುವ ಪರಿಚಯಾತ್ಮಕ ಮುಳುಗುವಿಕೆಯಲ್ಲಿ, ಭಾಗವಹಿಸುವವರು ಕ್ಯಾಮೆರಾ ಕೊಂಡೊಯ್ಯುವುದು ಸೂಕ್ತವಲ್ಲ. ಉಸಿರಾಟ ಮತ್ತು ಕಿವಿಯ ಒತ್ತಡದ ಕಡೆಗೆ ಅವರ ಪೂರ್ಣ ಗಮನ ಇರಬೇಕಾಗುತ್ತದೆ.

3. ಹೃದ್ರೋಗ, ಆಸ್ತಮಾ, ಅಪಸ್ಮಾರ, ಕಿವಿ ಅಥವಾ ಸೈನಸ್ ತೊಂದರೆ ಇರುವವರು ಮುಂಚಿತವಾಗಿ ವೈದ್ಯರ ಲಿಖಿತ ಅಭಿಪ್ರಾಯವನ್ನು ಪಡೆಯತಕ್ಕದ್ದು. ಆರೋಗ್ಯ ಘೋಷಣಾ ನಮೂನೆಯಲ್ಲಿ ಯಾವುದೇ ಮಾಹಿತಿಯನ್ನು ಮರೆಮಾಚಬಾರದು.

4. ಪ್ರಮಾಣಪತ್ರ ಪಡೆದ ಕೂಡಲೇ ಕ್ಯಾಮೆರಾ ಹಿಡಿಯುವ ಬದಲು, ನೀರಿನಲ್ಲಿ ಮೇಲೇರದೆ, ಕೆಳಗಿಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಮೊದಲು ರೂಢಿಸಿಕೊಳ್ಳುವುದು ಅಗತ್ಯ. ಈ ಹತೋಟಿ ಇಲ್ಲದವರ ಕೈಕಾಲುಗಳು ತಿಳಿಯದೆಯೇ ಹವಳಕ್ಕೆ ತಗಲುತ್ತವೆ.

ನೀರಿನಡಿಯ ಬೆಳಕು ಮತ್ತು ಉಪಕರಣಗಳು

ಸೂರ್ಯನ ಬೆಳಕಿನಲ್ಲಿರುವ ಕೆಂಪು ಬಣ್ಣವನ್ನು ನೀರು ಮೊದಲು ಹೀರಿಕೊಳ್ಳುತ್ತದೆ. ಕೆಲವೇ ಮೀಟರ್ ಆಳಕ್ಕೆ ಹೋದೊಡನೆ ಕೆಂಪು ಮಂಕಾಗಿ, ಮುಂದೆ ಕಿತ್ತಳೆ ಮತ್ತು ಹಳದಿ ಬಣ್ಣಗಳೂ ಕ್ಷೀಣಿಸಿ, ನೀಲಿ ಮತ್ತು ಹಸಿರು ಮಾತ್ರ ಉಳಿಯುತ್ತವೆ. ಆದ್ದರಿಂದ ಕೃತಕ ಬೆಳಕಿಲ್ಲದೆ ತೆಗೆದ ಚಿತ್ರದಲ್ಲಿ ಕಡುಗೆಂಪು ಜೀವಿಯೂ ಬೂದು ಬಣ್ಣದ್ದಾಗಿ ಕಾಣುತ್ತದೆ. ಇದಲ್ಲದೆ, ಮುಖಗವಸಿನ ಗಾಜಿನ ಮೂಲಕ ನೋಡುವಾಗ ವಸ್ತುಗಳು ಇರುವುದಕ್ಕಿಂತ ಸುಮಾರು ನಾಲ್ಕನೇ ಒಂದು ಭಾಗದಷ್ಟು ಹತ್ತಿರವಾಗಿ, ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ತೋರುತ್ತವೆ. ಹವಳದಿಂದ ದೂರವನ್ನು ಅಂದಾಜಿಸುವಾಗ ಇದನ್ನು ಗಮನದಲ್ಲಿಡತಕ್ಕದ್ದು.

ಅಗತ್ಯ ಉಪಕರಣಗಳು ಈ ಕೆಳಕಂಡಂತಿವೆ:

- ಕ್ಯಾಮೆರಾ ಮತ್ತು ಅದರ ಮಾದರಿಗೆ ತಕ್ಕ ಜಲನಿರೋಧಕ ಕವಚ. ಕವಚದ ರಬ್ಬರ್ ಉಂಗುರದಲ್ಲಿ ಒಂದು ಕೂದಲೆಳೆ ಅಥವಾ ಮರಳಿನ ಕಣ ಸಿಲುಕಿದರೂ ನೀರು ಒಳನುಗ್ಗಬಹುದು. ಮೊದಲ ಬಾರಿಗೆ ಬಳಸುವಾಗ ಕ್ಯಾಮೆರಾ ಇಡದೆ ಖಾಲಿ ಕವಚವನ್ನೇ ನೀರಿಗಿಳಿಸಿ ಪರೀಕ್ಷಿಸುವುದು ಸೂಕ್ತ.
- ಮ್ಯಾಕ್ರೋ ಮಸೂರ. ಸಣ್ಣ ಕ್ಯಾಮೆರಾ ಉಳ್ಳವರು ಕವಚದ ಹೊರಗೆ ಜೋಡಿಸುವ ಹಿಗ್ಗಿಸುವ ಮಸೂರವನ್ನು ಬಳಸಬಹುದು.
- ಒಂದು ಅಥವಾ ಎರಡು ಫ್ಲಾಶ್ ದೀಪಗಳು ಹಾಗೂ ಜೀವಿಯನ್ನು ಗುರುತಿಸಲು ಮಂದ ಬೆಳಕಿನ ಟಾರ್ಚು.

ಛಾಯಾಗ್ರಹಣದ ವಿಧಾನ

ಅತಿ ಸಮೀಪದಿಂದ ತೆಗೆಯುವ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಭಾಗದ ಆಳ ಕೆಲವೇ ಮಿಲಿಮೀಟರ್‌ಗಳಷ್ಟಿರುತ್ತದೆ. ಆದುದರಿಂದ ಅಪರ್ಚರ್ ಅನ್ನು ಕಿರಿದುಗೊಳಿಸಿ, ಎಂದರೆ ಎಫ್ 16ರ ಆಸುಪಾಸಿನಲ್ಲಿಟ್ಟು, ಶಟರ್ ವೇಗವನ್ನು ಸೆಕೆಂಡಿನ 1/125ರಿಂದ 1/200ರ ನಡುವೆ ಇರಿಸಿಕೊಂಡು ಅಭ್ಯಾಸವನ್ನು ಆರಂಭಿಸಬಹುದು. ಬೆಳಕಿನ ಕೊರತೆಯನ್ನು ಫ್ಲಾಶ್ ತುಂಬಿಕೊಡುತ್ತದೆ. ಫ್ಲಾಶ್ ದೀಪವನ್ನು ಮಸೂರದ ಪಕ್ಕದಿಂದ ಓರೆಯಾಗಿ ಬೀಳುವಂತೆ ಇರಿಸಬೇಕು. ನೇರವಾಗಿ ಬೀಳುವ ಬೆಳಕು ನೀರಿನಲ್ಲಿ ತೇಲುವ ಕಣಗಳಿಗೆ ತಗುಲಿ, ಚಿತ್ರದ ತುಂಬ ಬಿಳಿ ಚುಕ್ಕೆಗಳು ಮೂಡುತ್ತವೆ.

ಜೀವಿಯ ಕಣ್ಣು, ಅಥವಾ ನ್ಯೂಡಿಬ್ರ್ಯಾಂಕ್ ಆಗಿದ್ದಲ್ಲಿ ತಲೆಯ ಮೇಲಿನ ಕೊಂಬುಗಳು, ಸ್ಪಷ್ಟವಾಗಿ ಮೂಡುವಂತೆ ನೋಡಿಕೊಳ್ಳತಕ್ಕದ್ದು. ಮೇಲಿನಿಂದ ಕೆಳಮುಖವಾಗಿ ತೆಗೆಯುವುದಕ್ಕಿಂತ ಜೀವಿಯ ಮಟ್ಟದಲ್ಲೇ ನಿಂತು ತೆಗೆದ ಚಿತ್ರದಲ್ಲಿ ಅದರ ಆಕಾರ ಚೆನ್ನಾಗಿ ತಿಳಿಯುತ್ತದೆ. ಇದಕ್ಕೆ ಸ್ಥಳಾವಕಾಶವಿಲ್ಲದಿದ್ದಲ್ಲಿ, ಅಥವಾ ಹವಳಕ್ಕೆ ಒರಗದೆ ನಿಲ್ಲಲು ಸಾಧ್ಯವಿಲ್ಲದಿದ್ದಲ್ಲಿ, ಆ ಚಿತ್ರವನ್ನು ಕೈಬಿಡುವುದೇ ಸರಿಯಾದ ಕ್ರಮ.

ಜೀವಿಗಳ ರಕ್ಷಣೆ

ಉತ್ತಮ ಚಿತ್ರದ ಆಸೆಯಿಂದ ಜೀವಿಯನ್ನು ಕಡ್ಡಿಯಿಂದ ತಿರುಗಿಸುವುದು, ಬೇರೊಂದು ಸ್ಥಳಕ್ಕೆ ಎತ್ತಿಡುವುದು, ಅಡಗಿರುವ ಏಡಿಯನ್ನು ಹೊರಗೆಬ್ಬಿಸುವುದು ಕೆಲವರಲ್ಲಿ ಕಂಡುಬರುವ ತಪ್ಪು ಅಭ್ಯಾಸಗಳು. ಕಡಲಕುದುರೆ ಮುಂತಾದ ತಳವಾಸಿ ಮೀನುಗಳ ಮೇಲೆ ಛಾಯಾಗ್ರಹಣದ ಪರಿಣಾಮವನ್ನು ಕುರಿತು 2019ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದರಲ್ಲಿ, ಫ್ಲಾಶ್ ಬೆಳಕಿಗಿಂತ ಮುಟ್ಟುವಿಕೆ ಮತ್ತು ಕದಲಿಸುವಿಕೆಗೆ ಈ ಜೀವಿಗಳು ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸಿದುದು ಕಂಡುಬಂದಿದೆ. ನ್ಯೂಡಿಬ್ರ್ಯಾಂಕ್‌ಗಳಲ್ಲಿ ಅನೇಕ ಪ್ರಭೇದಗಳು ನಿರ್ದಿಷ್ಟ ಸ್ಪಂಜು ಅಥವಾ ಹವಳಸಂಬಂಧಿ ಜೀವಿಯನ್ನು ಮಾತ್ರ ತಿನ್ನುತ್ತವೆ. ಅಂತಹ ಜೀವಿಯನ್ನು ಬಣ್ಣದ ಹಿನ್ನೆಲೆಗಾಗಿ ಒಂದು ಮೀಟರ್ ದೂರಕ್ಕೆ ಸರಿಸಿದರೂ ಅದನ್ನು ಆಹಾರದಿಂದ ಬೇರ್ಪಡಿಸಿದಂತಾಗುತ್ತದೆ. ಬಂಡೆಯ ಸಂದಿನಿಂದ ಹೊರಬಂದ ಏಡಿಯನ್ನು ಹತ್ತಿರದ ಮೀನು ಕ್ಷಣಮಾತ್ರದಲ್ಲಿ ನುಂಗಬಹುದು.

ಆದ್ದರಿಂದ ಮುಳುಗುಗಾರರು ಜೀವಿ ಇರುವ ಸ್ಥಿತಿಯಲ್ಲಿಯೇ ಚಿತ್ರ ತೆಗೆಯತಕ್ಕದ್ದು. ಒಂದೇ ಜೀವಿಯ ಮೇಲೆ ಫ್ಲಾಶ್ ಬಳಕೆಯನ್ನು ಕೆಲವೇ ಬಾರಿಗೆ ಸೀಮಿತಗೊಳಿಸುವುದು, ಜೀವಿ ಮುಖ ತಿರುಗಿಸಿದಲ್ಲಿ ಅಥವಾ ಸರಿದುಹೋಗಲು ಯತ್ನಿಸಿದಲ್ಲಿ ಹಿಂದೆ ಸರಿಯುವುದು ಅಪೇಕ್ಷಣೀಯ. ಬಂಡೆಯನ್ನು ಮುಟ್ಟದಿರುವುದು ಮುಳುಗುಗಾರರ ಹಿತಕ್ಕೂ ಒಳ್ಳೆಯದು. ಚೇಳುಮೀನು ಮತ್ತು ಸಿಂಹಮೀನುಗಳ ಮುಳ್ಳುಗಳು ವಿಷಯುಕ್ತವಾಗಿದ್ದು, ಕೆಲವು ಶಂಕುವಿನಾಕಾರದ ಕಡಲ ಬಸವನಹುಳುಗಳ ಕುಟುಕು ಮಾರಣಾಂತಿಕವಾಗಿದೆ.

ಕಾನೂನು ಮತ್ತು ಅನುಮತಿ

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಅನುಸೂಚಿಗಳಲ್ಲಿ ದಿಬ್ಬ ಕಟ್ಟುವ ಹವಳಗಳು, ಬೀಸಣಿಗೆ ಹವಳಗಳು, ಕಡಲಕುದುರೆಗಳು, ಕೊಳವೆ ಮೀನುಗಳು ಮತ್ತು ಕಡಲಸೌತೆಗಳು ಸೇರಿವೆ. ಕಾಯ್ದೆಯಲ್ಲಿ ಬೇಟೆ ಎಂಬ ಪದವು ಕೊಲ್ಲುವುದಕ್ಕಷ್ಟೇ ಸೀಮಿತವಾಗಿರದೆ, ಹಿಡಿಯುವುದನ್ನೂ ಗಾಯಗೊಳಿಸುವುದನ್ನೂ ಒಳಗೊಂಡಿದೆ. ಹವಳದ ಚೂರನ್ನು ನೆನಪಿಗಾಗಿ ತರುವುದಕ್ಕೂ ಅವಕಾಶವಿಲ್ಲ.

ಅಭಯಾರಣ್ಯಗಳಲ್ಲಿ ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು ಕಾಯ್ದೆಯ 28ನೇ ಪ್ರಕರಣದಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದಾಗಿದೆ. 2022ರ ತಿದ್ದುಪಡಿಯಲ್ಲಿ ಚಲನಚಿತ್ರೀಕರಣವನ್ನೂ ಸೇರಿಸಿ, ಆವಾಸಸ್ಥಾನದಲ್ಲಿ ಬದಲಾವಣೆ ಮಾಡದೆ, ಆವಾಸಸ್ಥಾನಕ್ಕಾಗಲಿ ವನ್ಯಜೀವಿಗಾಗಲಿ ಪ್ರತಿಕೂಲ ಪರಿಣಾಮ ಉಂಟಾಗದಂತೆ ನಡೆಯಬೇಕೆಂಬ ಷರತ್ತನ್ನು ಅಳವಡಿಸಲಾಗಿದೆ. ಅಂಡಮಾನಿನ ವಂಡೂರಿನಲ್ಲಿ 1983ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಂತಹ ಸಂರಕ್ಷಿತ ಸ್ಥಳಗಳಿಗೆ ಹೋಗುವವರು ಮುಂಚಿತವಾಗಿ ಅಲ್ಲಿನ ಅರಣ್ಯ ಅಧಿಕಾರಿಗಳಿಂದ ನಿಯಮಗಳನ್ನು ತಿಳಿದುಕೊಳ್ಳತಕ್ಕದ್ದು. ಅರ್ಜಿಯಲ್ಲಿ ಸ್ಥಳ, ದಿನಾಂಕ, ವ್ಯಕ್ತಿಗಳ ಸಂಖ್ಯೆ, ಉಪಕರಣಗಳ ವಿವರ ಮತ್ತು ಚಿತ್ರೀಕರಣದ ಉದ್ದೇಶ ಖಾಸಗಿಯೇ, ವಾಣಿಜ್ಯವೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ಮುಳುಗುಗಾರರ ಸುರಕ್ಷತೆ

ಕಿರು ಜೀವಿಯ ಮೇಲೆ ಗಮನವಿಟ್ಟ ಮುಳುಗುಗಾರರಿಗೆ ಸಮಯ ಸರಿದದ್ದು ತಿಳಿಯುವುದಿಲ್ಲ. 20 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಮೂರು ಪಟ್ಟು ಇರುವುದರಿಂದ ಸಿಲಿಂಡರಿನ ಗಾಳಿಯೂ ಅಷ್ಟೇ ಬೇಗ ಖರ್ಚಾಗುತ್ತದೆ. ಕೆಳಕಂಡ ಕ್ರಮಗಳನ್ನು ತಪ್ಪದೆ ಪಾಲಿಸತಕ್ಕದ್ದು:

- ಕ್ಯಾಮೆರಾ ಅಲುಗದಿರಲೆಂದು ಉಸಿರು ಕಟ್ಟಬಾರದು. ಉಸಿರು ಕಟ್ಟಿ ಸ್ವಲ್ಪ ಮೇಲೇರಿದರೂ ಶ್ವಾಸಕೋಶಗಳೊಳಗಿನ ಗಾಳಿ ಹಿಗ್ಗಿ ಪ್ರಾಣಾಪಾಯ ಉಂಟಾಗಬಹುದು.
- ಪ್ರತಿ ಕೆಲವು ಚಿತ್ರಗಳ ನಂತರ ಗಾಳಿಯ ಮಾಪಕ, ಆಳ ಮತ್ತು ಸಂಗಾತಿ ಇರುವ ಸ್ಥಳವನ್ನು ನೋಡಿಕೊಳ್ಳಬೇಕು.
- 50 ಬಾರ್ ಗಾಳಿ ಉಳಿದಿರುವಂತೆಯೇ ಮೇಲೆ ತಲುಪುವ ಹಾಗೆ ಯೋಜಿಸಿಕೊಳ್ಳಬೇಕು.
- ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಮೇಲೇರಬಾರದು. 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕು.
- ಒಂದಕ್ಕಿಂತ ಹೆಚ್ಚು ಬಾರಿ ಮುಳುಗಿದವರು ಕನಿಷ್ಠ 18 ಗಂಟೆಗಳ ಕಾಲ ವಿಮಾನ ಪ್ರಯಾಣ ಮಾಡಬಾರದು.
- ಅಪಾಯದ ಸಂದರ್ಭದಲ್ಲಿ ಕ್ಯಾಮೆರಾವನ್ನು ಬಿಟ್ಟುಬಿಡಲು ಹಿಂಜರಿಯಬಾರದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೊಬೈಲ್ ಫೋನಿನಿಂದ ಚಿತ್ರ ತೆಗೆಯಬಹುದೇ?
ಉತ್ತರ: ತೆಗೆಯಬಹುದು. ಆದರೆ ಮುಳುಗುವ ಆಳಕ್ಕೆ ತಕ್ಕ ಕವಚ ಅಗತ್ಯ. ಮಳೆ ಅಥವಾ ನೀರಿನ ಹನಿಗಳನ್ನು ತಡೆಯುವ ಫೋನನ್ನು ಕವಚವಿಲ್ಲದೆ ಬಳಸುವುದು ಸಲ್ಲದು.

ಪ್ರಶ್ನೆ: ಮಾರ್ಗದರ್ಶಕರೇ ಜೀವಿಯನ್ನು ಸರಿಸಿ ತೋರಿಸಿದಲ್ಲಿ ಏನು ಮಾಡಬೇಕು?
ಉತ್ತರ: ಚಿತ್ರ ತೆಗೆಯದೆ, ಬೇಡವೆಂದು ಕೈಸನ್ನೆಯಿಂದ ತಿಳಿಸಬಹುದು. ನೀರಿಗಿಳಿಯುವ ಮುನ್ನವೇ ಯಾವ ಜೀವಿಯನ್ನೂ ಮುಟ್ಟಬಾರದೆಂದು ಹೇಳಿಟ್ಟುಕೊಳ್ಳುವುದು ಇನ್ನೂ ಉತ್ತಮ.

ಪ್ರಶ್ನೆ: ತೆಗೆದ ಚಿತ್ರಗಳಿಂದ ಬೇರೆ ಉಪಯೋಗವಿದೆಯೇ?
ಉತ್ತರ: ಇದೆ. ದಿನಾಂಕ, ಸ್ಥಳ ಮತ್ತು ಆಳವನ್ನು ಬರೆದಿಟ್ಟ ಸ್ಪಷ್ಟ ಚಿತ್ರವು ಆ ಜೀವಿ ಅಲ್ಲಿ ಇತ್ತೆಂಬುದಕ್ಕೆ ದಾಖಲೆಯಾಗುತ್ತದೆ ಮತ್ತು ಸಂಶೋಧಕರಿಗೆ ನೆರವಾಗುತ್ತದೆ. ಸರಿಸಿ ತೆಗೆದ ಚಿತ್ರಕ್ಕೆ ಈ ಬೆಲೆ ಇರುವುದಿಲ್ಲ. ಜೀವಿಯು ಯಾವುದರ ಮೇಲೆ ವಾಸಿಸುತ್ತಿತ್ತು ಎಂಬ ಮಾಹಿತಿಯೇ ಅದರಲ್ಲಿ ತಪ್ಪಾಗಿರುತ್ತದೆ.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ತಮ್ಮ ಸುರಕ್ಷತೆಯೊಂದಿಗೆ ಕಡಲಜೀವಿಗಳ ಸುರಕ್ಷತೆಯನ್ನೂ ಕಾಪಾಡಲು ಸಹಕರಿಸಬೇಕಾಗಿ ಕೋರಲಾಗಿದೆ.