ಮಳೆಗಾಲಕ್ಕೆ ಮುಸುಕಿನ ಜೋಳ, ಚಳಿಗಾಲಕ್ಕೆ ಸ್ವೆಟರ್

ನವೆಂಬರ್ ಬಂತು ಅಂದ್ರೆ ನಮ್ಮ ಕಾಲೇಜಿನ ಬಸ್‌ಸ್ಟಾಪ್ ಪಕ್ಕ ಸ್ವೆಟರ್ ಅಂಗಡಿಗಳು ಏಳುತ್ತವೆ. ನಾಲ್ಕು ಬಿದಿರು, ಒಂದು ನೀಲಿ ಟಾರ್ಪಾಲು, ಸಾಲಾಗಿ ನೇತುಹಾಕಿದ ಜಾಕೆಟ್ಟುಗಳು. ಹೋದ ವರ್ಷ ಫಸ್ಟ್ ಇಯರ್ ಹುಡುಗರನ್ನು ಕರ್ಕೊಂಡು ಅಲ್ಲಿಗೆ ಹೋಗಿದ್ದೆವು. ಅವರಲ್ಲೊಬ್ಬ ತನಗೆ ಬರೋ ಹಿಂದಿಯಲ್ಲಿ ಚೌಕಾಸಿ ಶುರು ಮಾಡಿದ. ಅಂಗಡಿಯ ಟಿಬೆಟನ್ ಆಂಟಿ ಪೂರ್ತಿ ಕೇಳಿಸಿಕೊಂಡು, "ಕನ್ನಡದಲ್ಲೇ ಕೇಳಪ್ಪಾ, ರೇಟ್ ಮಾತ್ರ ಅದೇನೇ" ಅಂದರು. ಯಾವೂರು ಆಂಟಿ ಅಂದ್ವಿ. ನಾವು ಲಾಸಾ ಅನ್ನೋ ಉತ್ತರಕ್ಕೆ ಕಾಯ್ತಾ ಇದ್ರೆ ಅವರು "ಪಿರಿಯಾಪಟ್ಟಣ ತಾಲ್ಲೂಕು" ಅಂದುಬಿಟ್ಟರು. ಮಗ ಓದ್ತಿರೋದು ನಮ್ಮ ಕಾಲೇಜಿನಲ್ಲೇ, ನಮಗೆ ಸೀನಿಯರ್ ಅನ್ನೋದೂ ಆವತ್ತೇ ಗೊತ್ತಾಯ್ತು.

ಪರದೇಶದಿಂದ ವಲಸೆ ಬಂದವರು ಅಂದ ತಕ್ಷಣ ನಮ್ಮ ತಲೆಯಲ್ಲಿ ಮೂಡೋದು ಪಟ್ಟಣದ ಚಿತ್ರ. ಕರ್ನಾಟಕದ ಟಿಬೆಟನ್ನರ ಕಥೆ ಹಳ್ಳಿಯಿಂದ ಶುರುವಾಗುತ್ತೆ. ಹಳ್ಳಿ ಕೊಟ್ಟಿದ್ದೇನು, ಪಟ್ಟಣ ಕೊಟ್ಟಿದ್ದೇನು ಅಂತ ಹೋಲಿಸಿ ನೋಡೋಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಿಲ್ಲ. ಹಾಗಾಗಿ ಸೆಮಿಸ್ಟರ್ ರಜೆಯಲ್ಲಿ ಸೀನಿಯರ್ ಜೊತೆ ಬೈಲಕುಪ್ಪೆಗೆ ಹೋಗಿ ಬಂದೆವು.

1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ಚೀನಾ ವಿರುದ್ಧ ಜನ ಎದ್ದರು, ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಹಿಂದೆಯೇ ಸುಮಾರು 80 ಸಾವಿರ ಜನ ಬಂದರು. ಮೊದಲು ಅವರನ್ನು ಇರಿಸಿದ್ದು ಅಸ್ಸಾಮಿನ ಮಿಸಾಮಾರಿಯಂಥ ಶಿಬಿರಗಳಲ್ಲಿ. ಅಲ್ಲಿ ಸೆಕೆ ಮತ್ತು ಕಾಯಿಲೆಗೆ ಬಹಳ ಜನ ಸತ್ತರು. ಉಳಿದವರಲ್ಲಿ ಸಾವಿರಾರು ಜನ ಹಿಮಾಲಯದ ರಸ್ತೆ ಕೆಲಸಕ್ಕೆ ಹೋದರು. ಇವರು ಊರೂರಿಗೆ ಚದುರಿ ಹೋದರೆ ಭಾಷೆ, ಧರ್ಮ ಎರಡೂ ಉಳಿಯೋಲ್ಲ, ಒಟ್ಟಿಗೆ ಇರೋಕೆ ಜಾಗ ಕೊಡಿ ಅಂತ ದಲೈ ಲಾಮಾ ಕೇಳಿದಾಗ ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ಮೊದಲು ಮುಂದೆ ಬಂದದ್ದು ಆಗಿನ ಮೈಸೂರು ರಾಜ್ಯ. ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು.

ಲಾಸಾ ಇರೋದು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ಬಾರ್ಲಿ ಬೆಳೆದವರು, ಯಾಕ್ ಮೇಯಿಸಿದವರು ಇಲ್ಲಿ ಡೇರೆಯಲ್ಲಿ ಮಲಗಿ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. ರಾತ್ರಿ ಆನೆ ಬಂದು ಬೆಳೆದಿದ್ದನ್ನು ತಿಂದು ಹೋಗುತ್ತಿತ್ತು. ಆಂಟಿಯ ತಂದೆ ತಟ್ಟೆ ಬಡಿಯುತ್ತಾ ಕಾವಲು ಕೂತಿದ್ದರಂತೆ. ಆಮೇಲೆ ಸಹಕಾರ ಸಂಘ ಬಂತು, ಟ್ರ್ಯಾಕ್ಟರ್ ಬಂತು. ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. ಹಳ್ಳಿಗಳಲ್ಲಿ ಸ್ವಸಹಾಯ ಸಂಘ ಕಟ್ಟಿದ್ದಕ್ಕೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗೆ. ಅದರ ಪೂರ್ತಿ ಹೆಸರು ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಇವರಿಗಾಗಿ ಶುರುವಾದ ಸಂಸ್ಥೆ ಮುಂದೆ ನಮ್ಮ ಅಮ್ಮಂದಿರ ಸಂಘಗಳವರೆಗೂ ಬಂತು.

ಹಳ್ಳಿ ಕೊಟ್ಟ ದೊಡ್ಡ ವಸ್ತು ಅಂದರೆ ಒಟ್ಟಿಗೆ ಇರೋ ಅವಕಾಶ. ಟಿಬೆಟನ್ ಮಕ್ಕಳ ಶಾಲೆಗಳಿಗೆ ಅಂತಲೇ ಕೇಂದ್ರ ಸರ್ಕಾರ 1961ರಲ್ಲಿ ಒಂದು ಸಂಸ್ಥೆ ಮಾಡಿತು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಶುರುವಾಯ್ತು, ಅದೇ ನಾವೆಲ್ಲ ಟ್ರಿಪ್‌ನಲ್ಲಿ ಸೆಲ್ಫಿ ತೆಗೆಸಿಕೊಳ್ಳೋ ಗೋಲ್ಡನ್ ಟೆಂಪಲ್. ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ, ಎಲ್ಲಾ ಕಡೆ ಇದೇ ಮಾದರಿ. ದೇಶ ಬಿಟ್ಟು 60 ವರ್ಷ ದಾಟಿದರೂ ಮೂರನೇ ತಲೆಮಾರು ಮನೆಯಲ್ಲಿ ಟಿಬೆಟನ್ ಮಾತಾಡ್ತಿದೆ ಅಂದ್ರೆ ಅದಕ್ಕೆ ಈ ಊರುಗಳೇ ಕಾರಣ.

ಆದರೆ ಹಳ್ಳಿಗೆ ಒಂದು ಲೆಕ್ಕ ಇದೆ. ಜನ ಹೆಚ್ಚಾದರು, ಎಕರೆ ಹೆಚ್ಚಾಗಲಿಲ್ಲ. ಹೊಲ ಬಹುತೇಕ ಮಳೆ ನಂಬಿದ್ದು. ಆ ಕಡೆ ಸುತ್ತಲಿನ ಊರಿನವರಿಗೂ ಒಂದು ನೋವಿದೆ. ಹೊರಗಿನವರಿಗೆ ಸಿಕ್ಕ ಭೂಮಿ ನಮ್ಮ ಭೂಹೀನರಿಗೆ ಯಾಕೆ ಸಿಗಲಿಲ್ಲ ಅಂತ ಕುಶಾಲನಗರದಲ್ಲಿ ನಮ್ಮನ್ನು ಹತ್ತಿಸಿಕೊಂಡ ಆಟೋದವರೇ ಕೇಳಿದರು. ಅವರ ದುಡಿಮೆ ನಡೆಯೋದು ಗೋಲ್ಡನ್ ಟೆಂಪಲ್ ನೋಡೋಕೆ ಬರೋ ಜನರಿಂದಲೇ, ಅದನ್ನೂ ಅವರೇ ಹೇಳಿದರು. ಎರಡೂ ನಿಜ. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಈ ಲೆಕ್ಕಕ್ಕೆ ಟಿಬೆಟನ್ ಕುಟುಂಬಗಳು ಹುಡುಕಿಕೊಂಡ ದಾರಿಯೇ ಸ್ವೆಟರ್. ಜೋಳದ ಕೊಯ್ಲು ಮುಗಿದ ಮೇಲೆ ಲುಧಿಯಾನದಿಂದ ಮಾಲು ತರಿಸಿ, ಚಳಿಗಾಲ ಪೂರ್ತಿ ಊರೂರಲ್ಲಿ ಮಾರಿ, ಲೋಸರ್ ಹಬ್ಬದ ಹೊತ್ತಿಗೆ ಮನೆಗೆ ವಾಪಸ್. ಲೋಸರ್ ಅಂದರೆ ಅವರ ಹೊಸ ವರ್ಷ, ಫೆಬ್ರವರಿ–ಮಾರ್ಚ್ ಸುಮಾರಿಗೆ ಬರುತ್ತೆ. ಹೀಗೆ ಒಂದೇ ಮನೆ ಹಳ್ಳಿಯ ನೆಲೆಯನ್ನೂ ಪಟ್ಟಣದ ದುಡ್ಡನ್ನೂ ಜೊತೆಗೆ ಇಟ್ಟುಕೊಂಡಿತ್ತು.

ಓದಿದ ಮಕ್ಕಳ ಕಾಲಕ್ಕೆ ಈ ಓಡಾಟ ಒನ್ ವೇ ಆಯ್ತು. ನರ್ಸಿಂಗ್, ಕಾಲ್ ಸೆಂಟರ್, ಐಟಿ ಅಂತ ಬೆಂಗಳೂರಿಗೆ ಹೋದವರು ಹಬ್ಬಕ್ಕೆ ಮಾತ್ರ ಬರ್ತಾರೆ. ಅಲ್ಲಿಂದ ಎಷ್ಟೋ ಜನ ಕೆನಡಾ, ಅಮೆರಿಕ ಅಂತ ಮುಂದೆ ಹೋಗ್ತಾರೆ. ಪಟ್ಟಣದಲ್ಲಿ ಸಂಬಳ ಉಂಟು, ಆದರೆ ಅಲ್ಲಿ ಇವರ ಗುರುತು ಮುಖ ಒಂದೇ. 2012ರ ಆಗಸ್ಟ್‌ನಲ್ಲಿ ವದಂತಿ ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದ್ದು ಗೊತ್ತಿರಬಹುದು. ಅದೇ ವಾರ ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಚಾಕು ಹಾಕಿದರು. ಬೈಲಕುಪ್ಪೆಯಿಂದ ಮೈಸೂರು ಬಸ್ಸಿನಲ್ಲಿ ಎರಡು ಗಂಟೆ ದಾರಿ, ಅಷ್ಟೇ. ಊರಲ್ಲಾದರೆ ಅವನು ಇಂಥವರ ಮಗ ಅಂತ ಹೇಳೋಕೆ ಅಂಗಡಿಯವರು, ಆಟೋದವರು ಇರುತ್ತಿದ್ದರು.

ಈಗ ನಮ್ಮ ಸೀನಿಯರ್ ವಿಷಯ. ಪ್ಲೇಸ್‌ಮೆಂಟಿನಲ್ಲಿ ಆಪ್ಟಿಟ್ಯೂಡ್, ಟೆಕ್ನಿಕಲ್, ಎಚ್‌ಆರ್ ಮೂರೂ ರೌಂಡ್ ಕ್ಲಿಯರ್ ಮಾಡಿದ್ದರು. ದಾಖಲೆ ಹಾಕೋ ಪೋರ್ಟಲ್‌ನಲ್ಲಿ ಪಾಸ್‌ಪೋರ್ಟ್ ನಂಬರಿನ ಖಾನೆಗೆ ಕೆಂಪು ನಕ್ಷತ್ರ, ತುಂಬದೆ ಮುಂದಕ್ಕೆ ಹೋಗೋಲ್ಲ. ಅವರ ಹತ್ತಿರ ಇದ್ದದ್ದು ಆರ್‌ಸಿ, ಅಂದರೆ ವಿದೇಶಿಯರಿಗೆ ಕೊಡೋ ನೋಂದಣಿ ಪತ್ರ. ಅವಧಿ ಮುಗಿದಾಗೆಲ್ಲ ನವೀಕರಿಸಬೇಕು. ಭಾರತದಲ್ಲಿ ನಿರಾಶ್ರಿತರಿಗೆ ಅಂತಲೇ ಕಾನೂನಿಲ್ಲ, 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ನಾವು ಸಹಿ ಮಾಡಿಲ್ಲ. ಹಾಗಾಗಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹುಟ್ಟಿದವರೂ ಕಾಗದದ ಮೇಲೆ ವಿದೇಶಿಯರೇ. ಆ ಕಂಪನಿ "ತಿಳಿಸ್ತೀವಿ" ಅಂದಿತು. ತಿಳಿಸಲಿಲ್ಲ.

ಹಾಗಾದ್ರೆ ಪೌರತ್ವ ತಗೊಳ್ಳಬಹುದಲ್ಲ ಅಂತ ನಾವೂ ಸುಲಭವಾಗಿ ಕೇಳಿದ್ವಿ. ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತೆ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿವೆ. ಅದಾದ ಮೇಲೆ 2004ರ ಡಿಸೆಂಬರ್ 3ಕ್ಕೆ ಮುಂಚೆ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು. ಆಂಟಿ ಹುಟ್ಟಿದ್ದು 1974ರಲ್ಲಿ, ಬೈಲಕುಪ್ಪೆಯಲ್ಲೇ. ಮಗ 2002ರಲ್ಲಿ. ಅಂದರೆ ಕಾನೂನಿನ ಲೆಕ್ಕದಲ್ಲಿ ಇಬ್ಬರೂ ನಮ್ಮ ಹಾಗೆಯೇ.

ತೊಡಕು ಇರೋದು ಇಲ್ಲಿ. 2017ರಲ್ಲಿ ವಿದೇಶಾಂಗ ಸಚಿವಾಲಯ ಇಂಥವರಿಗೆ ಪಾಸ್‌ಪೋರ್ಟ್ ಕೊಡೋಕೆ ಷರತ್ತು ಹಾಕಿತ್ತು: ಆರ್‌ಸಿ ರದ್ದಾಗಬೇಕು, ಟಿಬೆಟನ್ ವಸತಿ ಪ್ರದೇಶದಲ್ಲಿ ವಾಸ ಇರಬಾರದು. ಅಲ್ಲಿನ ಭೂಮಿ ನಿರಾಶ್ರಿತರಿಗೆ ಅಂತ ಕೊಟ್ಟದ್ದು, ಭಾರತೀಯ ಅಂದಮೇಲೆ ನಿರಾಶ್ರಿತನ ಸೌಲಭ್ಯ ಯಾಕೆ ಅನ್ನೋ ತರ್ಕ. ತರ್ಕ ಸರಿ ಅಂತಲೇ ಇಟ್ಟುಕೊಳ್ಳೋಣ. ಆದರೆ ಪಟ್ಟಣದ ಕೆಲಸ ಒಂದು ಕಾಗದ ಕೇಳುತ್ತೆ, ಹಳ್ಳಿಯ ಮನೆ ಇನ್ನೊಂದು ಕಾಗದ ಕೇಳುತ್ತೆ, ಎರಡನ್ನೂ ಒಂದೇ ಜೇಬಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ ಅಂದ್ರೆ ತಾತ ಆನೆ ಕಾದ ಹೊಲವನ್ನು ಮೊಮ್ಮಗ ಏನು ಮಾಡಬೇಕು? ನಮ್ಮಲ್ಲಿ ಊರಲ್ಲಿ ಮೂರೆಕರೆ, ಬೆಂಗಳೂರಲ್ಲಿ ಕೆಲಸ ಇರೋರು ಎಷ್ಟು ಜನ ಇದ್ದೀವಿ! ನಮ್ಮನ್ನು ಯಾರೂ ಹೀಗೆ ಆರಿಸಿಕೋ ಅಂತ ಕೇಳಿಲ್ಲ.

ಸೀನಿಯರ್ ಈಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದಾರೆ, ಪಿಜಿಯಲ್ಲಿ ವಾಸ. ಅಮ್ಮನ ಜನನ ದಾಖಲೆ ಹುಡುಕಿಸ್ತಿದ್ದಾರೆ. ಸಿಕ್ಕಿದ್ರೆ ಅರ್ಜಿ ಹಾಕ್ತೀರಾ ಅಂತ ಕೇಳಿದ್ದಕ್ಕೆ "ಮೊದಲು ಸಿಗಲಿ ಕಣ್ರೋ" ಅಂದರು. ಲೋಸರ್‌ಗೆ ನಾಲ್ಕು ದಿನ ರಜೆ ಹಾಕಿ, ಕುಶಾಲನಗರದ ಬಸ್ಸಿಗೆ ಈಗಲೇ ಸೀಟ್ ಬುಕ್ ಮಾಡಿಟ್ಟಿದ್ದಾರೆ.