ಕಾಫಿಗೆ ನೆರಳು ಬೇಕು, ಡಿಶ್‌ಗೆ ನೆರಳು ಬೇಡ: ತಿಂಗಳ ಶುಲ್ಕವಿಲ್ಲದ ಟಿವಿಗೆ ಕೊಡಗಿನ ರೈತರು ಗಮನಿಸಬೇಕಾದ ಅಂಶಗಳು

ಮನೆಯಲ್ಲಿ ಟಿವಿ ನೋಡಬೇಕಾದರೆ ತಿಂಗಳು ತಿಂಗಳೂ ಹಣ ಕಟ್ಟಲೇಬೇಕೇ? ತೋಟದ ಮನೆಗಳಿಗೆ ಹೋದಾಗ ರೈತ ಬಾಂಧವರು ಗೊಬ್ಬರ, ಕಾಯಿಕೊರಕದ ಮಾತು ಮುಗಿದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಕಟ್ಟಲೇಬೇಕೆಂದಿಲ್ಲ ಎಂಬುದೇ ಇದಕ್ಕೆ ಉತ್ತರ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ಸೇವೆಗೆ ಮಾಸಿಕ ಶುಲ್ಕವೂ ಇಲ್ಲ, ವಾರ್ಷಿಕ ಶುಲ್ಕವೂ ಇಲ್ಲ. ಡಿಶ್, ಬಾಕ್ಸ್ ಮತ್ತು ತಂತಿಗೆ ಒಂದು ಸಲ ಸುಮಾರು 2000 ರೂಪಾಯಿ ಹಾಕಿದರೆ ಆಯಿತು. ತಿಂಗಳಿಗೆ 250 ರೂಪಾಯಿ ಕಟ್ಟುವ ಮನೆಯೆಂದು ಲೆಕ್ಕ ಹಿಡಿದರೆ ವರ್ಷಕ್ಕೆ 3000 ರೂಪಾಯಿ ಆಗುತ್ತದೆ. ಅಂದರೆ ಹಾಕಿದ ಹಣ ಒಂದು ವರ್ಷದೊಳಗೆ ಹಿಂದಕ್ಕೆ ಬಂದಂತೆ.

ಹೀಗಿದ್ದರೂ ನಮ್ಮ ಜಿಲ್ಲೆಯಲ್ಲಿ ಡಿಶ್ ಕೊಂಡು ತಂದು, ಚಿತ್ರ ಬಾರದೆ, ಕಡೆಗೆ ಅದನ್ನು ಮೆಣಸು ಒಣಗಿಸುವ ಕಣದ ಮೂಲೆಗೆ ಒರಗಿಸಿಟ್ಟವರಿದ್ದಾರೆ. ಇಂಥ ಕಡೆ ಬಹುಪಾಲು ದೋಷ ಬಾಕ್ಸಿನದಲ್ಲ, ಜಾಗದ್ದು. ಬಯಲುಸೀಮೆಯಲ್ಲಿ ಮನೆಯ ಮೇಲೆ ಎಲ್ಲಿ ನಿಲ್ಲಿಸಿದರೂ ಆಕಾಶ ಕಾಣುತ್ತದೆ. ಕೊಡಗಿನಲ್ಲಿ ಹಾಗಲ್ಲ. ಕಾಫಿಗೆ ನೆರಳು ಬೇಕೆಂದು ಬೆಳೆಸಿದ ಸಿಲ್ವರ್ ಓಕ್, ಹಲಸು, ಅತ್ತಿ, ಹಾಲುವಾಣ ಮರಗಳು ಮನೆಯ ಸುತ್ತಲೂ ಇರುತ್ತವೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಜಾಗ ನೋಡುವುದು ಅವಶ್ಯಕ.

ಉಪಗ್ರಹ ಎಲ್ಲಿದೆ?

ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ತಲುಪಿಸುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಸೇರಿದ್ದವು. ನಮ್ಮ ರಾಜ್ಯದಿಂದ ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು ಆರಿಸಲಾಗಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬರುವ ಕಾರ್ಯಕ್ರಮವನ್ನು ಹಿಡಿಯಲು ಆಗ ಸುಮಾರು 10 ಅಡಿ ಅಗಲದ ತಂತಿಬಲೆಯ ಬುಟ್ಟಿ ಬೇಕಾಗಿತ್ತು. ಇಂದು ಎರಡು ಅಡಿಯ ಡಿಶ್ ಸಾಕು.

ಈಗಿನ ಉಚಿತ ಸೇವೆಯು 2004ರ ಡಿಸೆಂಬರ್ 16ರಂದು 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಆರಂಭವಾಯಿತು. ಮುಂದೆ ಅದಕ್ಕೆ ಫ್ರೀ ಡಿಶ್ ಎಂದು ಹೆಸರಾಯಿತು. ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಇದು ಇದೆಯೆಂದು ಅಂದಾಜು. ಕಾರ್ಯಕ್ರಮಗಳು ಜಿಸ್ಯಾಟ್-15 ಎಂಬ ಉಪಗ್ರಹದಿಂದ ಇಳಿಯುತ್ತವೆ. 2015ರ ನವೆಂಬರಿನಲ್ಲಿ ಉಡಾವಣೆಯಾದ ಈ ಉಪಗ್ರಹವು ಭೂಮಧ್ಯ ರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆ ನಿಂತಿದೆ. ಅದನ್ನು ಅದರ ಜಾಗದಲ್ಲಿ ಕಾಯ್ದುಕೊಳ್ಳುವ ಕೆಲಸ ನಮ್ಮ ಪಕ್ಕದ ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ್ದು.

ಹಣವಿಲ್ಲದೆ ಇದು ನಡೆಯುವುದು ಹೇಗೆಂದು ನೀವು ಕೇಳಬಹುದು. ಖಾಸಗಿ ವಾಹಿನಿಗಳು ಇದರಲ್ಲಿ ಸೇರಲು ಹರಾಜಿನಲ್ಲಿ ಪ್ರಸಾರ ಭಾರತಿಗೆ ಹಣ ಕೊಡುತ್ತವೆ, ಜಾಹೀರಾತಿನಿಂದ ಅದನ್ನು ಹಿಂಪಡೆಯುತ್ತವೆ. ನೋಡುಗನ ಮೇಲೆ ಹೊರೆಯಿಲ್ಲ.

ಜಾಗದ ಆಯ್ಕೆ

ಕೊಡಗಿನಿಂದ ನೋಡಿದರೆ ಈ ಉಪಗ್ರಹವು ಆಗ್ನೇಯ ದಿಕ್ಕಿನಲ್ಲಿ, ಅದರಲ್ಲೂ ತುಸು ಪೂರ್ವಕ್ಕೆ ವಾಲಿದಂತೆ ಇದೆ. ದಿಕ್ಸೂಚಿಯಲ್ಲಿ ಉತ್ತರದಿಂದ ಎಣಿಸಿದರೆ ಸುಮಾರು 124 ಡಿಗ್ರಿ. ಎತ್ತರದ ಕೋನ ನೆಲಮಟ್ಟದಿಂದ ಸುಮಾರು 65 ಡಿಗ್ರಿ. ಎಂದರೆ ಡಿಶ್‌ನಿಂದ ಒಂದು ಅಡಿ ಮುಂದೆ ಹೋದರೆ ನೋಟದ ಗೆರೆ ಎರಡು ಅಡಿಗಿಂತ ತುಸು ಹೆಚ್ಚು ಮೇಲಕ್ಕೆ ಏರಿರುತ್ತದೆ. ದೂರದ ಗುಡ್ಡ ಇದಕ್ಕೆ ಅಡ್ಡಿಯಾಗುವುದು ಅಪರೂಪ. ಅಡ್ಡಿಯಾಗುವುದು ಹತ್ತಿರದ ಮರ.

ಇದರಿಂದ ಸುಲಭವಾದ ಒಂದು ಲೆಕ್ಕ ಸಿಗುತ್ತದೆ. ಆ ದಿಕ್ಕಿನಲ್ಲಿರುವ ಮರವು ಡಿಶ್‌ನ ಮಟ್ಟದಿಂದ ಎಷ್ಟು ಎತ್ತರವಿದೆಯೋ ಅದರ ಅರ್ಧದಷ್ಟು ದೂರದಲ್ಲಿ ಡಿಶ್ ಇರಬೇಕು. 60 ಅಡಿಯ ಸಿಲ್ವರ್ ಓಕ್ ಇದ್ದರೆ 30 ಅಡಿ ದೂರ, ಅದರ ಮೇಲೆ ರೆಂಬೆಗಳ ಹರವಿಗೆ ಇನ್ನಷ್ಟು. ಮರ ಇಳಿಜಾರಿನ ಕೆಳಗಿದ್ದರೆ ಡಿಶ್‌ಗಿಂತ ಮೇಲಿರುವ ಭಾಗವನ್ನು ಮಾತ್ರ ಎಣಿಸಿರಿ.

ಲೆಕ್ಕ ಬೇಡವೆನ್ನುವವರಿಗೆ ಸೂರ್ಯನೇ ಜಾಗ ತೋರಿಸಿಕೊಡುತ್ತಾನೆ. ಪ್ರತಿ ವರ್ಷ ಮಾರ್ಚ್ 15ರ ಆಸುಪಾಸಿನಲ್ಲಿ ಬೆಳಿಗ್ಗೆ ಸುಮಾರು 11.15ಕ್ಕೆ, ಮತ್ತೆ ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ ಸುಮಾರು 11 ಗಂಟೆಗೆ, ಕೊಡಗಿನವರ ಕಣ್ಣಿಗೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿನಲ್ಲಿ ಅಂಗಳದಲ್ಲಿ ನಿಂತು ನೋಡಿರಿ. ಬಿಸಿಲು ಬಿದ್ದ ಜಾಗದಲ್ಲಿ ಡಿಶ್ ಕೆಲಸ ಮಾಡುತ್ತದೆ, ಮರದ ನೆರಳು ಬಿದ್ದ ಜಾಗದಲ್ಲಿ ಮಾಡುವುದಿಲ್ಲ. ಬಿಸಿಲಿನ ಜಾಗಕ್ಕೆ ಒಂದು ಗೂಟ ನೆಟ್ಟಿಟ್ಟರೆ ಮುಂದೆ ಯಾವಾಗ ಬೇಕಾದರೂ ಡಿಶ್ ನಿಲ್ಲಿಸಬಹುದು. ಅದೇ ದಿನಗಳಲ್ಲಿ, ಅದೇ ಹೊತ್ತಿಗೆ ಈಗಾಗಲೇ ಡಿಶ್ ಇರುವ ಮನೆಗಳಲ್ಲಿ ಕೆಲವು ನಿಮಿಷ ಚಿತ್ರ ಕೆಡಬಹುದು. ಅದು ಸೂರ್ಯನ ಶಾಖದ ಗದ್ದಲ. ಡಿಶ್ ಮುಟ್ಟಲು ಹೋಗಬೇಡಿರಿ, ತಾನೇ ಸರಿಯಾಗುತ್ತದೆ.

ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಮರ ಕಪಾತು ಮುಗಿದ ಕೂಡಲೇ ಜಾಗ ನೋಡಿದರೆ ಎಲ್ಲೆಲ್ಲೂ ಆಕಾಶ ತೆರೆದಂತೆ ಕಾಣುತ್ತದೆ. ಹಾಲುವಾಣ ಮತ್ತೆ ಚಿಗುರಿ ಹರಡಿದಾಗ ಚಿತ್ರ ನಿಲ್ಲುತ್ತದೆ. ಆದ್ದರಿಂದ ರೆಂಬೆ ಬೆಳೆಯಲು ಬೇಕಾದ ಎಡೆಯನ್ನು ಮೊದಲೇ ಬಿಡಬೇಕು. ಡಿಶ್‌ಗಾಗಿ ಮರ ಕಡಿಯುವ ಯೋಚನೆ ಮಾತ್ರ ಬೇಡ. ತಂತಿಯನ್ನು 80-90 ಅಡಿಯವರೆಗೆ ಧಾರಾಳವಾಗಿ ಎಳೆಯಬಹುದು. ಮರ ಇದ್ದಲ್ಲೇ ಇರಲಿ, ಡಿಶ್ ಸರಿಯಲಿ. ಗೋಡೆಗೇ ಬಡಿಯಬೇಕೆಂದೇನೂ ಇಲ್ಲ, ಕಣದ ಅಂಚಿನಲ್ಲಿ ಕಾಂಕ್ರೀಟು ಹಾಕಿ ಕೊಳವೆ ನಿಲ್ಲಿಸಬಹುದು.

ಕೊಳ್ಳುವಾಗ

ಹೊಸದಾಗಿ ಕೊಳ್ಳುವವರು ಎಂಪಿಇಜಿ-4 ಬಗೆಯ ಬಾಕ್ಸನ್ನೇ ಕೇಳತಕ್ಕದ್ದು. ಹಳೆಯ ಎಂಪಿಇಜಿ-2 ಬಾಕ್ಸಿನಲ್ಲಿ ಕೆಲವು ವಾಹಿನಿಗಳು ಮಾತ್ರ ಬರುತ್ತವೆ, ಎಂಪಿಇಜಿ-4 ರಲ್ಲಿ ಎರಡೂ ಬಗೆಯವು ಬರುತ್ತವೆ. ಭಾಗಮಂಡಲ, ಶಾಂತಳ್ಳಿಯಂಥ ಜಡಿಮಳೆಯ ಕಡೆಯವರು ಎರಡು ಅಡಿಯ ಬದಲು ಮೂರು ಅಡಿಯ ಡಿಶ್ ಹಾಕಿಸುವುದು ಮೇಲು. ಕುಶಾಲನಗರದ ಕಡೆಗೆ ಚಿಕ್ಕದೇ ಸಾಕು. ಕೆಲವು ಹೊಸ ಟಿವಿಗಳಲ್ಲಿ ಉಪಗ್ರಹದ ಟ್ಯೂನರ್ ಒಳಗೇ ಇರುತ್ತದೆ. ಅಂಥ ಟಿವಿಗೆ ಡಿಶ್‌ನ ತಂತಿಯನ್ನು ನೇರವಾಗಿ ಕೊಡಬಹುದು, ಬಾಕ್ಸ್ ಬೇಡ. ಅಟ್ಟದ ಮೇಲೆ ಉಳಿದಿರುವ ಹಳೆಯ ಕಡ್ಡಿ ಆಂಟೆನಾ ಇದಕ್ಕೆ ಉಪಯೋಗಕ್ಕೆ ಬಾರದು. ದೂರದರ್ಶನದ ಹಳೆಯ ಮರುಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು 2022ರ ಹೊತ್ತಿಗೆ ದೇಶದಾದ್ಯಂತ ಮುಚ್ಚಲಾಯಿತು.

ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು. ಚಂದನ ವಾಹಿನಿ ಸಿಗುತ್ತದೆ. 2015ರ ಮೇ 26ರಂದು ಆರಂಭವಾದ ಡಿಡಿ ಕಿಸಾನ್, ದೂರದರ್ಶನದ ಇತರ ಭಾಷೆಗಳ ವಾಹಿನಿಗಳು, ಶಾಲಾ ಮಕ್ಕಳಿಗೆ ಪಿಎಂ ಇ-ವಿದ್ಯಾ ಪಾಠಗಳು ಸಿಗುತ್ತವೆ. ಅಸ್ಸಾಂನಿಂದ ಬಂದು ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಡಿಡಿ ಅಸ್ಸಾಂ ಕೂಡ ಉಂಟು. ಖಾಸಗಿ ವಾಹಿನಿಗಳಲ್ಲಿ ಹಿಂದಿಯವೇ ಹೆಚ್ಚು. ಕನ್ನಡದ ಖಾಸಗಿ ಧಾರಾವಾಹಿ ವಾಹಿನಿಗಳನ್ನೆಲ್ಲ ನೆಚ್ಚಿ ಕೊಂಡರೆ ನಿರಾಶೆಯಾದೀತು. ಮನೆಯ ಹೆಂಗಸರು, ಮಕ್ಕಳು ಏನು ನೋಡುತ್ತಾರೆಂದು ಕೇಳಿಕೊಂಡು, ಅಂಗಡಿಯಲ್ಲಿ ಹಚ್ಚಿಸಿ ನೋಡಿ, ಆಮೇಲೆ ಹಣ ಕೊಡಿರಿ. ಹರಾಜಿನ ನಂತರ, ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ, ವಾಹಿನಿಗಳ ಪಟ್ಟಿ ಬದಲಾಗುವುದುಂಟು. ಆಗ ಬಾಕ್ಸಿನಲ್ಲಿ ಮತ್ತೊಮ್ಮೆ ಹುಡುಕಾಟ ಕೊಟ್ಟರೆ ಸರಿಹೋಗುತ್ತದೆ.

ಡಿಶ್ ತಿರುಗಿಸುವ ಕ್ರಮ

ಕೊಳವೆಯನ್ನು ಮೊದಲು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿರಿ. ಕೊಳವೆ ಓರೆಯಾದರೆ ಮುಂದಿನದೆಲ್ಲ ಓರೆಯೇ. ಬಾಕ್ಸಿನ ಪಟ್ಟಿಯಲ್ಲಿ ಜಿಸ್ಯಾಟ್-15, 93.5 ಪೂರ್ವ ಎಂಬುದನ್ನು ಆರಿಸಿರಿ. ಎಲ್‌ಎನ್‌ಬಿ ಎಂದರೆ ಡಿಶ್‌ನ ಎದುರಿಗೆ ಕೋಲಿನ ತುದಿಯಲ್ಲಿರುವ ಗುಬಟು. ಅದು ಯುನಿವರ್ಸಲ್ ಬಗೆಯದಾಗಿದ್ದು, ಪಟ್ಟಿಯಲ್ಲಿ 9750 ಮತ್ತು 10600 ಎಂದು ಇರಬೇಕು.

ಡಿಶ್‌ನ ಮುಖವು ಕಣ್ಣಿಗೆ ಕಾಣುವುದಕ್ಕಿಂತ ಮೇಲಕ್ಕೆ ನೋಡುತ್ತಿರುತ್ತದೆ, ಏಕೆಂದರೆ ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಬದಿಗೆ ಇರುತ್ತದೆ. ಆದ್ದರಿಂದ ಕಣ್ಣಂದಾಜು ಬಿಟ್ಟು, ಹಿಂಬದಿಯ ಪಟ್ಟಿಯ ಗುರುತು ನೋಡಿ 65ಕ್ಕೆ ಇಡಿರಿ. ಅನಂತರ ಆಗ್ನೇಯದ ಸುತ್ತ ಎಡಕ್ಕೂ ಬಲಕ್ಕೂ ಬೆರಳಗಲ ಬೆರಳಗಲ ತಿರುಗಿಸಿ, ಪ್ರತಿ ಸಲ ಎರಡು ಮೂರು ಸೆಕೆಂಡು ಕಾಯಿರಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. 'ಸ್ಟ್ರೆಂಗ್ತ್' ಎಂಬುದು ತಂತಿ ಮತ್ತು ಎಲ್‌ಎನ್‌ಬಿ ಸರಿಯಾಗಿವೆ ಎಂದಷ್ಟೇ ಹೇಳುತ್ತದೆ. ಉಪಗ್ರಹ ಸಿಕ್ಕಿತೇ ಎಂಬುದನ್ನು ಹೇಳುವುದು 'ಕ್ವಾಲಿಟಿ'. ಅದು ಏರಿದ ಕಡೆ ನಿಲ್ಲಿಸಿರಿ.

ಕೊನೆಯದಾಗಿ ಎಲ್‌ಎನ್‌ಬಿಯನ್ನು ಹೊರಳಿಸಬೇಕು. ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಡಿಶ್‌ನ ಹಿಂದೆ ನಿಂತು ಉಪಗ್ರಹದ ಕಡೆ ಮುಖ ಮಾಡಿದಾಗ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುಮಾರು 50 ಡಿಗ್ರಿ ಹೊರಳಿಸಿ, ಅಲ್ಲಿಂದ ಹಿಂದೆ ಮುಂದೆ ಆಡಿಸಿ ಕ್ವಾಲಿಟಿ ಅತಿ ಹೆಚ್ಚು ಬಂದಲ್ಲಿ ಬಿಗಿಮಾಡಿರಿ. ದಿಲ್ಲಿಯ ಕಡೆ ಇಷ್ಟು ಹೊರಳಿಸಬೇಕಾಗುವುದಿಲ್ಲ, ನಮ್ಮ ದಕ್ಷಿಣದಲ್ಲಿ ಬೇಕಾಗುತ್ತದೆ.

ಮಳೆಗಾಲದ ಎಚ್ಚರಿಕೆ

ಈ ಅಲೆಗಳ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆ. ದಟ್ಟ ಮಳೆಹನಿ ಅವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಆಟಿ ತಿಂಗಳ ಜಡಿಮಳೆಯಲ್ಲಿ ಚಿತ್ರ ಕಲ್ಲಾಗಿ ನಿಲ್ಲುವುದು ಸಹಜ. ಮಳೆ ನಿಂತ ಮೇಲೂ ಬಾರದಿದ್ದರೆ ಮಾತ್ರ ತಂತಿಯ ಕೀಲು ನೋಡಿರಿ. ನೀರು ಇಳಿದ ಕೀಲು ಹಸಿರುಗಟ್ಟಿರುತ್ತದೆ. ತಂತಿ ಮನೆಯೊಳಗೆ ಹೋಗುವ ಮುನ್ನ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಎಲ್‌ಎನ್‌ಬಿಯ ಮುಚ್ಚಳ ಸೀಳಿದ್ದರೆ ಬದಲಾಯಿಸಬೇಕು.

ಅಲ್ಯೂಮಿನಿಯಂ ಏಣಿ, ಕಬ್ಬಿಣದ ಕೊಳವೆ ಹಿಡಿದು ವಿದ್ಯುತ್ ತಂತಿಯ ಬಳಿ ಕೆಲಸ ಮಾಡಬೇಡಿರಿ. ಮೆಣಸು ಕೊಯ್ಯುವಾಗ ಏಣಿ ತಂತಿಗೆ ತಗುಲಿ ಜೀವ ಹೋದ ಸಂಗತಿ ನಮ್ಮ ಜಿಲ್ಲೆಗೆ ಹೊಸದಲ್ಲ. ಕೊಳವೆ ಬಿದ್ದರೂ ತಂತಿ ತಲುಪದಷ್ಟು ದೂರ ಇರತಕ್ಕದ್ದು. ಹೂಮಳೆಯ ಕಾಲದಲ್ಲಿ ಗುಡುಗು ಕೇಳಿದೊಡನೆ ವಿದ್ಯುತ್ ಪ್ಲಗ್ಗನ್ನೂ ಡಿಶ್‌ನ ತಂತಿಯನ್ನೂ ಕಳಚಿಡಿರಿ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ದಿನಗಳನ್ನು ಯಾರೂ ಮರೆತಿಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೂ ಹಾಗೆಯೇ ಆಯಿತು. ಸುದ್ದಿ ಅತಿ ಅಗತ್ಯವಾದ ಅಂಥ ಹೊತ್ತಿನಲ್ಲೇ ಡಿಶ್ ಮೂಕವಾಗುತ್ತದೆ, ಕರೆಂಟೂ ಇರುವುದಿಲ್ಲ. ಹನ್ನೆರಡು ವೋಲ್ಟಿನ ಬಾಕ್ಸನ್ನು ಬ್ಯಾಟರಿಯಿಂದ ನಡೆಸಬಹುದಾದರೂ ಮಳೆಯ ಅಡ್ಡಿ ತಪ್ಪುವುದಿಲ್ಲ. ಟಿವಿ ಬಂತೆಂದು ರೇಡಿಯೋವನ್ನು ಅಟ್ಟಕ್ಕೆ ಹಾಕಬೇಡಿರಿ. ಶೆಲ್ ಹಾಕಿದ ಒಂದು ರೇಡಿಯೋ ಮಡಿಕೇರಿ ಆಕಾಶವಾಣಿ ಹಿಡಿಯುವಂತೆ ಮಳೆಗಾಲವಿಡೀ ಮನೆಯಲ್ಲಿರಲಿ.

ಮೋಸ ಹೋಗದಿರಿ

ಫ್ರೀ ಡಿಶ್‌ಗೆ ರೀಚಾರ್ಜ್ ಇಲ್ಲ, ನವೀಕರಣವಿಲ್ಲ. 'ನಿಮ್ಮ ಸಂಪರ್ಕ ಕಡಿತವಾಗುತ್ತದೆ, ಹಣ ಹಾಕಿ' ಎಂದು ಫೋನ್ ಬಂದರೆ ಅದು ಮೋಸ. ಬ್ಯಾಂಕಿನ ವಿವರ, ಫೋನಿಗೆ ಬಂದ ಸಂಖ್ಯೆ ಯಾರಿಗೂ ಹೇಳಬೇಡಿರಿ. ಹಣ ಕೊಟ್ಟು ನೋಡುವ ವಾಹಿನಿಗಳನ್ನು ಬಿಟ್ಟಿಯಾಗಿ ತೆರೆಯುತ್ತದೆಂದು ಹೇಳಿ ಮಾರುವ ಬಾಕ್ಸ್‌ಗಳೂ ಉಂಟು. ಅದು ಕಳ್ಳತನದ ದಾರಿ, ಬೀಗ ಬದಲಾದ ದಿನ ಬಾಕ್ಸ್ ಬರಿಯ ಡಬ್ಬಿ. ನ್ಯಾಯವಾಗಿ ಉಚಿತವಾದುದು ಇರುವಾಗ ಅದರ ಗೊಡವೆ ಏಕೆ?

ಕೊಳ್ಳಲು ಹೊರಟವರು ಮೊದಲು ಅಂಗಳದಲ್ಲಿ ಆಗ್ನೇಯದ ಕಡೆ ಮುಖ ಮಾಡಿ ತಲೆಯೆತ್ತಿ ನೋಡಿರಿ. ಎಲೆಯಿಲ್ಲದ ಆಕಾಶ ಕಂಡರೆ ಅಂಗಡಿಗೆ ಹೋಗಿರಿ. ಕಾಣದಿದ್ದರೆ ಹತ್ತು ಹೆಜ್ಜೆ ಸರಿದು ಮತ್ತೆ ನೋಡಿರಿ. ಈ ನೋಟಕ್ಕೆ ಖರ್ಚಿಲ್ಲ, 2000 ರೂಪಾಯಿ ಉಳಿಯುವುದೋ ಕಳೆಯುವುದೋ ಇದರ ಮೇಲೆಯೇ ನಿಂತಿದೆ.