ಮಂಡಿಗೆ ಹೊಸ ಕವಚ, ಮನೆಗೆ ಹೊಸ ಕಮೋಡ್

ಮಾಘದಲ್ಲಿ ಕೊಟ್ಟೂರೇಶ್ವರನ ತೇರು ಹತ್ತಿರ ಬಂದಂತೆ ದಾವಣಗೆರೆ, ಹರಪನಹಳ್ಳಿ ಕಡೆಯ ರಸ್ತೆಗಳಲ್ಲಿ ಪಾದಯಾತ್ರಿಗಳ ಸಾಲು ಶುರುವಾಗುತ್ತದೆ. ವರ್ಷವೂ ತಪ್ಪದೆ ನಡೆದವರು ಒಮ್ಮೆ ಆ ಸಾಲಿನಲ್ಲಿ ಕಾಣದಿದ್ದರೆ ಮನೆಯವರು ಹೇಳುವ ಕಾರಣ ಹೆಚ್ಚಾಗಿ ಒಂದೇ: ‘ಮೊಣಕಾಲು ಹಿಡ್ಕಂಡಾವ್ರಿ, ಬಸ್ಸಿನಾಗ ಬರ್ತಾರ.’

ಕಾನಹೊಸಹಳ್ಳಿ ಸುತ್ತಿನ ಊರುಗಳಲ್ಲಿ ಈ ನೋವು ಹೊಲದಿಂದಲೇ ಬೆಳೆದು ಬರುತ್ತದೆ. ಶೇಂಗಾ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯಬೇಕು, ಮನೆಗೆ ಬಂದರೆ ನೆಲದ ಮೇಲೆ ಕೂತು ರೊಟ್ಟಿ ಬಡಿಯಬೇಕು. ಮಂಡಿ ಪೂರ್ತಿ ಮಡಚಿದಾಗ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಹಲವು ಪಟ್ಟು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಸವೆತ ಇನ್ನೂ ಬೇಗ. ಮೂಳೆಗಳ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ಸವೆದು ಹೋದರೆ ಮತ್ತೆ ಬೆಳೆಯುವುದಿಲ್ಲ. ಮೂಳೆಗೆ ಮೂಳೆ ಉಜ್ಜುತ್ತದೆ, ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ.

ಈ ಸೀಮೆಗೆ ಇನ್ನೊಂದು ಕಾಟವೂ ಇದೆ, ಕೊಳವೆಬಾವಿಯ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕೂಡ್ಲಿಗಿ ಭಾಗದ ಎಷ್ಟೋ ಹಳ್ಳಿಗಳು ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನೇ ಕುಡಿದಿವೆ. ಮಂಡಿ, ಸೊಂಟ, ಕುತ್ತಿಗೆ ಎಲ್ಲವೂ ಒಟ್ಟಿಗೆ ಬಿಗಿದುಕೊಂಡಿದ್ದರೆ ವೈದ್ಯರು ಮಂಡಿಯ ಜೊತೆಗೆ ಮುಂಗೈ ಎಕ್ಸ್‌ರೇಯನ್ನೂ ನೋಡುತ್ತಾರೆ. ಅಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದಂತೆ ಬೆಳ್ಳಗೆ ಕಂಡರೆ ಅದು ಫ್ಲೋರೋಸಿಸ್ ಗುರುತು. ಅಂಥವರಿಗೆ ಆಪರೇಷನ್ ಮಾಡಿ ಸವೆದ ಮಂಡಿಗೆ ಕೃತಕ ಮಂಡಿ ಕೂರಿಸಿದರೂ ಮೈನೋವೆಲ್ಲ ಹೋಗುವುದಿಲ್ಲ. ಇದನ್ನು ಆಪರೇಷನ್‌ಗೆ ಮುಂಚೆಯೇ ತಿಳಿದುಕೊಳ್ಳುವುದು ಒಳ್ಳೆಯದು.

ಆಪರೇಷನ್ ಅಂದರೆ ಕಾಲನ್ನೇ ಕತ್ತರಿಸಿ ಜೋಡಿಸುತ್ತಾರೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ನಿಜಕ್ಕೂ ತೆಗೆಯುವುದು ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲ ಮೂಳೆಯ ಮೇಲ್ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಪದರವನ್ನು ಮಾತ್ರ. ಮೇಲಿನ ಮೂಳೆಗೆ ಕೋಬಾಲ್ಟ್-ಕ್ರೋಮಿಯಂ ಲೋಹದ ಕವಚ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಹಾಸು. ಬಾಗಿದ ಕಾಲನ್ನು ನೆಟ್ಟಗೆ ಮಾಡುವುದೂ ಆಗಲೇ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಒಂದೆರಡು ತಾಸಿನಲ್ಲಿ ಮುಗಿಸುತ್ತಾರೆ. ಮಾರನೆಯ ದಿನವೇ ವಾಕರ್ ಹಿಡಿಸಿ ನಡೆಸುವುದು ಈಗ ರೂಢಿ.

ಕೃತಕ ಮಂಡಿಯ ಯತ್ನ ಹೊಸದೇನಲ್ಲ. ಬರ್ಲಿನ್ನಿನ ಶಸ್ತ್ರವೈದ್ಯ ಥೆಮಿಸ್ಟೋಕ್ಲಿಸ್ ಗ್ಲುಕ್ 1890ರಲ್ಲಿ ಆನೆದಂತದ ಮಂಡಿ ಕೂರಿಸಿ ಸೋತಿದ್ದ. ಇಂದಿನ ಮಾದರಿ ರೂಪುಗೊಂಡದ್ದು 1970ರ ದಶಕದ ನ್ಯೂಯಾರ್ಕಿನಲ್ಲಿ. ಅದನ್ನು ರೂಪಿಸಿದ ತಂಡದಲ್ಲಿದ್ದ ಮಧ್ಯಪ್ರದೇಶ ಮೂಲದ ಡಾ. ಚಿತ್ತರಂಜನ್ ರಾಣಾವತ್ ಅವರೇ 2000 ಮತ್ತು 2001ರಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಆಗಿನ ಪ್ರಧಾನಿ ವಾಜಪೇಯಿಯವರ ಎರಡೂ ಮಂಡಿಗಳನ್ನು ಬದಲಿಸಿದರು. ಈ ಚಿಕಿತ್ಸೆಯ ಹೆಸರು ದೇಶದ ಮನೆಮನೆಗೆ ಮುಟ್ಟಿದ್ದು ಆಗ. ಆದರೂ ಅದು ದೊಡ್ಡವರ ಆಪರೇಷನ್ ಎಂಬ ಭಾವನೆಯೇ ಉಳಿಯಿತು.

ಬೆಲೆಯ ಗೋಡೆಗೆ ಬಿರುಕು ಬಿದ್ದದ್ದು 2017ರ ಆಗಸ್ಟ್‌ನಲ್ಲಿ. ರಾಷ್ಟ್ರೀಯ ಔಷಧ ದರ ನಿಗದಿ ಪ್ರಾಧಿಕಾರವು ಸರಾಸರಿ 1.58 ಲಕ್ಷ ರೂಪಾಯಿಗೆ ಮಾರಾಟವಾಗುತ್ತಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ, ಜಿಎಸ್‌ಟಿ ಬಿಟ್ಟು, 54,720 ರೂಪಾಯಿಯ ಮಿತಿ ಹಾಕಿತು. ಆಮೇಲೆ ದರ ಅಷ್ಟಿಷ್ಟು ಬದಲಾಗಿದ್ದರೂ ಮಿತಿ ತೆಗೆದಿಲ್ಲ. ಮರುವರ್ಷ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭರವಸೆ ಇದೆ. ಆದರೆ ತುರ್ತಲ್ಲದ ಚಿಕಿತ್ಸೆಗೆ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಕೂತರೆ ಯೋಜನೆ ಸಿಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆಯಬೇಕು. ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರ ಬಳ್ಳಾರಿ, ದಾವಣಗೆರೆಯ ಬಸ್ ಹತ್ತುವವರು ಎಡವುವುದು ಇಲ್ಲೇ.

ಇಷ್ಟಾದರೂ ಆಪರೇಷನ್ ಅರ್ಧ ಕೆಲಸ ಮಾತ್ರ. ಹೊಸ ಮಂಡಿ ಚೆನ್ನಾಗಿ ಪಳಗಿದರೆ 120 ಡಿಗ್ರಿಯಷ್ಟು ಬಾಗಬಹುದು. ಕುರ್ಚಿಗೆ, ಮೆಟ್ಟಿಲಿಗೆ ಅದು ಸಾಕು, ಕುಕ್ಕರಗಾಲಿಗೆ ಸಾಲದು. ಅಂದರೆ ಆಸ್ಪತ್ರೆಯ ತಾರೀಖು ಗೊತ್ತಾಗುವ ಮುಂಚೆಯೇ ಮನೆಯಲ್ಲಿ ಎತ್ತರದ ಕಮೋಡ್, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ, ಮಂಚ ಸಿದ್ಧವಿರಬೇಕು. ಬಯಲಿಗೆ ಹೋಗುವ ರೂಢಿ ಇನ್ನೂ ಬಿಡದ ಮನೆಗಳಲ್ಲಿ ಈ ಮಾತು ಲೋಹದ ಬೆಲೆಗಿಂತ ಭಾರ. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ನೋಯುತ್ತದೆಂದು ಮಲಗಿಬಿಟ್ಟರೆ ಮಂಡಿ ಮತ್ತೆ ಬಿಗಿಯುತ್ತದೆ. ‘ಅವ್ವಾ, ಏಳು, ಕಾಲು ಮಡಚು’ ಎಂದು ದಿನಾ ಬೆನ್ನುಬೀಳುವ ಮಗಳೋ ಸೊಸೆಯೋ ಇದ್ದರೆ ಅರ್ಧ ಗೆದ್ದಂತೆ.

2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ನೂರರಲ್ಲಿ 82 ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ನೂರರಲ್ಲಿ ಒಂದೆರಡಕ್ಕೆ ಸೋಂಕು ತಗಲಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಆ ಅಪಾಯ ಹೆಚ್ಚು. ಆದ್ದರಿಂದ ಮೊದಲ ನೋವಿಗೇ ಆಪರೇಷನ್ ಬೇಡ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮದಿಂದಲೇ ವರ್ಷಗಟ್ಟಲೆ ತಳ್ಳಿದವರಿದ್ದಾರೆ. ಹಾಗೆಂದು ಸಂತೆಯ ಪುಡಿ, ಹೆಸರಿಲ್ಲದ ಇಂಜೆಕ್ಷನ್‌ಗಳಲ್ಲಿ ಕಾಲ ತಳ್ಳುವುದು ಮೂರ್ಖತನ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಮೂಳೆ ಟೊಳ್ಳಾಗುತ್ತದೆ. ನೋವಿನ ಮಾತ್ರೆಯನ್ನು ನಿತ್ಯ ನುಂಗಿದರೆ ಕಿಡ್ನಿ ಕೆಡುತ್ತದೆ.

ರಾತ್ರಿ ನೋವಿಗೆ ನಿದ್ದೆ ಬಾರದೆ, ಮನೆಯೊಳಗೆ ಓಡಾಡುವುದೂ ಕಷ್ಟವಾಗಿ, ಎಕ್ಸ್‌ರೇಯಲ್ಲಿ ಸಂದು ಪೂರ್ತಿ ಮುಚ್ಚಿದ್ದರೆ ಮಾತ್ರ ಮುಂದುವರಿಯಿರಿ. ಆಪರೇಷನ್ ಆದ ಮೇಲೆ ಬಿಲ್ಲಿನಲ್ಲಿ ಮಂಡಿಯ ಬೆಲೆ, ಕಂಪನಿ, ಬ್ಯಾಚ್ ಸಂಖ್ಯೆ ಬೇರೆಯಾಗಿ ನಮೂದಾಗಿದೆಯೇ ನೋಡಿ. ಹಾಗೆ ಬರೆದುಕೊಡಬೇಕೆಂಬುದು ನಿಯಮ, ಕೇಳಿ ಪಡೆಯಿರಿ.